ತಟ್ಟೆಯಲ್ಲಿ ಖಾಲಿಯಾದ ಜಾಗ: ಹದಿನೈದರ ಹುಡುಗಿ ಮಾಂಸ ಬಿಡಲು ಹೊರಟಾಗ

ಹುಡುಗಿಗೆ 15 ವರ್ಷ. ಎತ್ತರ 158 ಸೆಂಟಿಮೀಟರ್, ತೂಕ 52 ಕಿಲೋ. ಶಾಲೆಯ ತಂಡದಲ್ಲಿ 800 ಮತ್ತು 1500 ಮೀಟರ್ ಓಡುತ್ತಾಳೆ. ವಾರಕ್ಕೆ ಐದು ದಿನ ಅಭ್ಯಾಸ. ಮುಟ್ಟು ಶುರುವಾಗಿ ಮೂರು ವರ್ಷವಾಗಿದೆ. ಪ್ರತಿ ಸಲ ಆರು ದಿನ, ಮೊದಲೆರಡು ದಿನ ಸ್ರಾವ ಜಾಸ್ತಿ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಒಂಬತ್ತು ವರ್ಷದ ತಮ್ಮ. ವಾರದಲ್ಲಿ ನಾಲ್ಕೈದು ದಿನ ಮಾಂಸವೋ ಮೀನೋ ಬೇಯುವ ಮನೆ. ಪ್ರಾಣಿಯನ್ನು ಕೊಂದು ತಿನ್ನುವುದು ತನಗೆ ಸರಿಯೆನಿಸುತ್ತಿಲ್ಲ ಎಂದು ಅವಳು ಹೇಳಿದಾಗ ಮನೆಯವರು ಮೊದಲು ನಕ್ಕರು, ಆಮೇಲೆ ರೇಗಿದರು, ಕೊನೆಗೆ ‘ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ’ ಎಂದು ಮಾತು ಮುಗಿಸಿದರು. ಅವಳು ಕಾಯಲಿಲ್ಲ. ಯಾರಿಗೂ ಹೇಳದೆ ತಟ್ಟೆಯಲ್ಲಿದ್ದ ಮಾಂಸದ ತುಂಡುಗಳನ್ನು ಪಕ್ಕಕ್ಕೆ ಸರಿಸಿ ಉಳಿದದ್ದನ್ನು ಉಣ್ಣತೊಡಗಿದಳು.

ಇದು ಯಾರೋ ಒಬ್ಬಳ ಕಥೆಯಲ್ಲ. ಈ ವಯಸ್ಸಿನವರು ಈ ನಿರ್ಧಾರಕ್ಕೆ ಬಂದಾಗ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಮನೆಗೆ ತಂದು ಕೂಡಿಸಿದ ಮಾದರಿ ಪ್ರಕರಣ. ಹುಡುಗಿಯ ರಕ್ತದ ಅಂಕಿಗಳು, ತೂಕ, ವಾರಗಳ ಲೆಕ್ಕ ಆ ಮಾದರಿಯವು. ಪೋಷಕಾಂಶಗಳ ಅಂಕಿಗಳು ಮಾತ್ರ ಈ ವಯಸ್ಸಿನ ಹುಡುಗಿಯರಿಗೆಲ್ಲ ಅನ್ವಯಿಸುವಂಥವು.

ಆರು ವಾರ ಹೀಗೇ ನಡೆಯಿತು. ಆರನೆಯ ವಾರದ ಹೊತ್ತಿಗೆ ಓಟದ ಕೊನೆಯ ಸುತ್ತಿನಲ್ಲಿ ಕಾಲು ಭಾರವಾಗುತ್ತಿತ್ತು, ಮಧ್ಯಾಹ್ನದ ತರಗತಿಯಲ್ಲಿ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು. ವಿಷಯ ಮನೆಯಲ್ಲಿ ಬಯಲಾಯಿತು. ಊಟದ ಹೊತ್ತಿಗೆ ನಡೆದ ಮಾತನ್ನು ಇಲ್ಲಿ ಹಾಗೇ ಕೊಡುವುದು ಒಳ್ಳೆಯದು, ಏಕೆಂದರೆ ಇಡೀ ಪ್ರಕರಣದ ಗಂಟು ಅದರಲ್ಲೇ ಇದೆ.

‘ನೋಡಿದ್ಯಾ, ಸೊಪ್ಪು ತಿಂದ್ಕೊಂಡು ಓಡೋಕಾಗುತ್ತಾ?’ ಎಂದರು ಅಮ್ಮ.

‘ಸೊಪ್ಪಾದ್ರೂ ಎಲ್ಲಿತ್ತಮ್ಮಾ? ತುಂಡು ಬಿಟ್ಟೆ, ಅಷ್ಟೇ. ಅದರ ಬದಲಿಗೆ ಬೇರೇನೂ ತಟ್ಟೆಗೆ ಬರಲೇ ಇಲ್ವಲ್ಲ.’

ಇಬ್ಬರ ಮಾತೂ ಅರ್ಧರ್ಧ ಸರಿ. ಬೇಯಿಸಿದ ಕೋಳಿಮಾಂಸ 120 ಗ್ರಾಂ ಬಿಟ್ಟರೆ ಸುಮಾರು 200 ಕಿಲೋಕ್ಯಾಲರಿ ಶಕ್ತಿ, 30 ಗ್ರಾಮಿಗೂ ಹೆಚ್ಚು ಪ್ರೋಟೀನು ಆ ಹೊತ್ತಿನ ಊಟದಿಂದ ಹೋಗುತ್ತದೆ. ಉಳಿದದ್ದು ಅನ್ನ, ಒಂದಿಷ್ಟು ಗ್ರೇವಿ, ಎರಡು ಹೋಳು ಸೌತೆಕಾಯಿ. ಹದಿಹರೆಯದವರ ಸಸ್ಯಾಹಾರ ಹದಗೆಡುವುದು ಬಹುತೇಕ ಇಲ್ಲಿಯೇ. ಮಾಂಸ ಬಿಟ್ಟದ್ದಕ್ಕಿಂತ, ಬಿಟ್ಟ ಜಾಗವನ್ನು ಯಾರೂ ತುಂಬಲಿಲ್ಲ ಎಂಬುದೇ ತೊಂದರೆ. ಗುಟ್ಟಾಗಿ ಬಿಟ್ಟರೆ ತುಂಬಲು ದಾರಿಯೂ ಇರುವುದಿಲ್ಲ. ಅಡುಗೆ ಮಾಡುವವರಿಗೆ ವಿಷಯವೇ ಗೊತ್ತಿರುವುದಿಲ್ಲ.

ರಕ್ತ ಪರೀಕ್ಷೆ, ಮತ್ತು ತಪ್ಪು ಯಾರದು ಎಂಬ ಲೆಕ್ಕ

ಮನೆಯವರು ವೈದ್ಯರ ಬಳಿಗೆ ಕರೆದೊಯ್ದರು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.1 ಗ್ರಾಂ. ಈ ವಯಸ್ಸಿನ ಹುಡುಗಿಯರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಗಡಿ 12. ಅಂದರೆ ರಕ್ತಹೀನತೆ ಎನ್ನುವಂತಿಲ್ಲ. ಆದರೆ ದೇಹದ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ಲೀಟರಿಗೆ 11 ಮೈಕ್ರೋಗ್ರಾಂ ಇತ್ತು. 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ ಎಂದೇ ಲೆಕ್ಕ. ಬಿ12 ಸಹಜ ಮಟ್ಟದಲ್ಲಿತ್ತು. ಫೆರಿಟಿನ್ ನೋಡದೆ ಬರೀ ಹಿಮೋಗ್ಲೋಬಿನ್ ನೋಡಿದ್ದರೆ ‘ಎಲ್ಲ ಸರಿ ಇದೆ, ಸೋಮಾರಿತನ’ ಎಂದು ಕೈಬಿಡುವ ಸಾಧ್ಯತೆ ಇತ್ತು. ದಾಸ್ತಾನು ಖಾಲಿಯಾದ ಮೇಲಷ್ಟೇ ಹಿಮೋಗ್ಲೋಬಿನ್ ಇಳಿಯತೊಡಗುತ್ತದೆ. ಇನ್ನೊಂದು ಎಚ್ಚರ: ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ. ನೆಗಡಿ, ಜ್ವರ ಬಿಟ್ಟು ಎರಡು ವಾರವಾದರೂ ಆದ ಮೇಲೆ ರಕ್ತ ಕೊಡುವುದು ಒಳ್ಳೆಯದು.

ಅಪ್ಪ ತೀರ್ಪು ಕೊಟ್ಟೇಬಿಟ್ಟರು: ಮಾಂಸ ಬಿಟ್ಟಿದ್ದಕ್ಕೇ ಹೀಗಾಗಿದೆ. ಈ ತೀರ್ಪನ್ನು ಸ್ವಲ್ಪ ಅಳೆದು ನೋಡಬೇಕು. ಮಾಂಸ ಬಿಟ್ಟದ್ದರಿಂದ ದಿನಕ್ಕೆ ಅರ್ಧ ಮಿಲಿಗ್ರಾಂ ಕಬ್ಬಿಣ ಕಡಿಮೆ ಹೀರಿಕೆಯಾಯಿತು ಎಂದಿಟ್ಟುಕೊಳ್ಳೋಣ. ಇದು ಧಾರಾಳವಾದ ಅಂದಾಜೇ. 42 ದಿನಕ್ಕೆ 21 ಮಿಲಿಗ್ರಾಂ. ಫೆರಿಟಿನ್ನಿನ ಒಂದೊಂದು ಮೈಕ್ರೋಗ್ರಾಂ ಈ ತೂಕದ ದೇಹದಲ್ಲಿ ಸುಮಾರು 6ರಿಂದ 8 ಮಿಲಿಗ್ರಾಂ ಕಬ್ಬಿಣದ ದಾಸ್ತಾನಿಗೆ ಸಮ. ಹಾಗಾದರೆ ಆರು ವಾರದ ‘ಪಥ್ಯ’ ಇಳಿಸಿರಬಹುದಾದದ್ದು ಮೂರು ಮೈಕ್ರೋಗ್ರಾಂ, ಅಷ್ಟೇ. ಮಾಂಸ ಉಣ್ಣುತ್ತಿದ್ದಾಗಲೇ ಅವಳ ಫೆರಿಟಿನ್ 14ರ ಆಸುಪಾಸಿನಲ್ಲಿತ್ತು ಎಂದಾಯಿತು. ಬೆಳವಣಿಗೆ, ಮುಟ್ಟಿನ ಸ್ರಾವ, ವಾರಕ್ಕೆ ಐದು ದಿನದ ಓಟ, ಈ ಮೂರೂ ಸೇರಿ ಒಂದೆರಡು ವರ್ಷದಿಂದ ದಾಸ್ತಾನು ಬರಿದು ಮಾಡುತ್ತಿದ್ದವು. ಮಾಂಸ ಬಿಟ್ಟದ್ದು ಕೊನೆಯ ತಳ್ಳು.

ಇದು ಹುಡುಗಿಯನ್ನು ಗೆಲ್ಲಿಸುವ ಲೆಕ್ಕವಲ್ಲ. ಈಗಾಗಲೇ ಕಬ್ಬಿಣ ಕೊರತೆಯಿರುವ ದೇಹ ಕಬ್ಬಿಣ ಸುಲಭವಾಗಿ ಹೀರಿಕೊಳ್ಳುವ ಆಹಾರವನ್ನು ಬಿಡುತ್ತಿದೆ ಎಂಬುದೂ ಇದೇ ಲೆಕ್ಕದಿಂದ ಹೊರಬೀಳುತ್ತದೆ. ಕೊರತೆಯ ಮೂಲ ಎಲ್ಲಿದೆ ಎಂದು ಗೊತ್ತಾದರೆ ಚಿಕಿತ್ಸೆಗೂ ನಿರ್ಧಾರಕ್ಕೂ ಬೇರೆ ಬೇರೆ ದಾರಿ ಮಾಡಬಹುದು. ಇಲ್ಲಿ ಮಾಡಿದ್ದು ಅದನ್ನೇ. ಕಬ್ಬಿಣದ ಮಾತ್ರೆ ವೈದ್ಯರ ಕೈಗೆ, ತಟ್ಟೆ ಮನೆಯವರ ಕೈಗೆ. ವೈದ್ಯರು ದಿನ ಬಿಟ್ಟು ದಿನದಂತೆ ಮೂರು ತಿಂಗಳ ಮಾತ್ರೆ ಬರೆದರು. ದಿನವೂ ನುಂಗುವುದಕ್ಕಿಂತ ಹೀಗೆ ನುಂಗಿದರೆ ಒಂದೊಂದು ಮಾತ್ರೆಯಿಂದ ಹೀರಿಕೆಯ ಪಾಲು ಹೆಚ್ಚು, ಹೊಟ್ಟೆಯ ಕಿರಿಕಿರಿಯೂ ಕಡಿಮೆ. ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಹೆದರಬೇಕಾದದ್ದು ಬೇರೆಯೇ ಇದೆ: ಚಿಕ್ಕ ಮಕ್ಕಳು ಕಬ್ಬಿಣದ ಮಾತ್ರೆಯನ್ನು ಪೆಪ್ಪರಮೆಂಟು ಎಂದು ನಾಲ್ಕಾರು ನುಂಗಿದರೆ ಜೀವಕ್ಕೇ ಅಪಾಯ. ಒಂಬತ್ತರ ತಮ್ಮನಿರುವ ಮನೆಯಲ್ಲಿ ಆ ಡಬ್ಬ ಊಟದ ಮೇಜಿನ ಮೇಲೆ ಇರಬಾರದು.

ಏಕೆ ಬಿಡಬೇಕು ಎಂಬ ಪ್ರಶ್ನೆಯನ್ನು ಬೇರೆ ಇಡುವುದು

ಹದಿಹರೆಯದವರು ಮಾಂಸ ಬಿಡಲು ಕೊಡುವ ಕಾರಣಗಳು ನಾಲ್ಕೈದೇ: ಪ್ರಾಣಿಯ ನೋವು, ಪರಿಸರ, ಆರೋಗ್ಯ, ಗೆಳೆಯರ ಪ್ರಭಾವ, ತೂಕ ಇಳಿಸುವ ಆಸೆ. ಕಾರಣ ಯಾವುದೆಂದು ತಿಳಿದುಕೊಳ್ಳಬೇಕಾದದ್ದು ವಾದದಲ್ಲಿ ಸೋಲಿಸಲಿಕ್ಕಲ್ಲ. ಒಂದೊಂದು ಕಾರಣಕ್ಕೆ ಒಂದೊಂದು ಬಗೆಯ ತಟ್ಟೆ ಸಾಕಾಗುತ್ತದೆ. ಪರಿಸರವೇ ಕಾರಣವಾದರೆ ಎಲ್ಲವನ್ನೂ ಬಿಡದೆಯೂ ದೊಡ್ಡ ಪಾಲು ಸಾಧಿಸಬಹುದು: ಮನುಷ್ಯರಿಂದಾಗುವ ಹಸಿರುಮನೆ ಅನಿಲದಲ್ಲಿ ಜಾನುವಾರು ಸಾಕಣೆಯ ಪಾಲು 14.5 ಪ್ರತಿಶತ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಅಂದಾಜಿಸಿತ್ತು, ಅದರಲ್ಲೂ ದನದ್ದೇ ಸಿಂಹಪಾಲು. ಆರೋಗ್ಯ ಕಾರಣವಾದರೆ ಮೊದಲು ಬಿಡಬೇಕಾದದ್ದು ಸಂಸ್ಕರಿಸಿದ ಮಾಂಸ. ಸಾಸೇಜು, ಬೇಕನ್ನಿನಂಥವು ಕ್ಯಾನ್ಸರ್ ತರಬಲ್ಲವು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ವರ್ಗೀಕರಿಸಿದೆ. ಕೆಂಪು ಮಾಂಸವನ್ನು ‘ಬಹುಶಃ’ ಎಂಬ ಪಟ್ಟಿಯಲ್ಲಿಟ್ಟಿದೆ. ಮೀನು, ಕೋಳಿ ಈ ಪಟ್ಟಿಗಳಲ್ಲಿಲ್ಲ.

ಈ ಹುಡುಗಿಯ ಕಾರಣ ಪ್ರಾಣಿಯ ನೋವು. ಅದಕ್ಕೆ ‘ವಾರಕ್ಕೊಮ್ಮೆ ತಿನ್ನು, ಏನಾಗುತ್ತೆ’ ಎಂಬ ರಾಜಿ ಸೂತ್ರ ಹಿಡಿಸುವುದಿಲ್ಲ. ದೊಡ್ಡವರಿಗೆ ಉದಾರವಾಗಿ ಕಾಣುವ ಆ ಸಲಹೆ ಅವಳಿಗೆ ‘ವಾರಕ್ಕೊಂದೇ ಸುಳ್ಳು ಹೇಳು’ ಎಂದಂತೆ ಕೇಳಿಸುತ್ತದೆ. ಅಪ್ಪ ಅದನ್ನೇ ಮೂರು ಸಲ ಹೇಳಿ ಮೂರು ಸಲವೂ ಜಗಳವಾಯಿತು.

ತೂಕದ ವಿಷಯವನ್ನು ಅಮ್ಮ ಒಬ್ಬರೇ ಕೂತು, ಸಮಾಧಾನದಿಂದ ಕೇಳಿದರು. ಇದು ಬಿಡಬಾರದ ಹೆಜ್ಜೆ. ಊಟವನ್ನು ಕಡಿಮೆ ಮಾಡಲು ‘ನಾನು ಸಸ್ಯಾಹಾರಿ’ ಎಂಬ ಮಾತು ಕೆಲವರಿಗೆ ಮರೆಯಾಗಿ ಒದಗುತ್ತದೆ. ಯಾರೂ ಪ್ರಶ್ನಿಸದ ಮರೆ. ಸಸ್ಯಾಹಾರದಿಂದ ಊಟ ತೊರೆಯುವ ಮನೋಕಾಯಿಲೆ (ಈಟಿಂಗ್ ಡಿಸಾರ್ಡರ್) ಬರುತ್ತದೆ ಎಂದಲ್ಲ, ಮೊದಲೇ ಶುರುವಾದದ್ದು ಅದರ ಹಿಂದೆ ಅಡಗಬಹುದು. ಗುರುತುಗಳು ಇವು: ಬಿಡುವ ಪದಾರ್ಥಗಳ ಪಟ್ಟಿ ವಾರವಾರವೂ ಬೆಳೆಯುವುದು (ಇವತ್ತು ಮಾಂಸ, ನಾಳೆ ಎಣ್ಣೆ, ನಾಡಿದ್ದು ಅನ್ನ), ಎಲ್ಲರ ಜೊತೆ ಕೂತು ಉಣ್ಣದಿರುವುದು, ಮುಟ್ಟು ಮೂರು ತಿಂಗಳು ನಿಲ್ಲುವುದು, ಕಾಳು ಬೇಳೆ ಕೊಟ್ಟರೂ ಬೇಡವೆನ್ನುವುದು. ಕೊನೆಯದು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಪ್ರಾಣಿಗಾಗಿ ಮಾಂಸ ಬಿಟ್ಟವಳು ಬಟ್ಟಲು ತುಂಬ ಕಡಲೆಕಾಳು ಇಟ್ಟರೆ ಉಣ್ಣುತ್ತಾಳೆ. ಇವಳು ಎರಡನೆಯ ಸಲವೂ ಹಾಕಿಸಿಕೊಂಡಳು.

ನಾಲ್ಕು ದಾರಿ, ಒಂದು ಗಡುವು

ಒಂದು ಸಂಜೆ ಮೇಜಿನ ಮೇಲೆ ಹಾಳೆ ಇಟ್ಟು ನಾಲ್ಕು ದಾರಿ ಬರೆದರು: ಇದ್ದ ಹಾಗೇ ಮುಂದುವರಿಯುವುದು, ಮಾಂಸ ಬಿಟ್ಟು ಮೀನು, ಮೊಟ್ಟೆ ಇಟ್ಟುಕೊಳ್ಳುವುದು, ಮೀನನ್ನೂ ಬಿಟ್ಟು ಹಾಲು, ಮೊಟ್ಟೆ ಇಟ್ಟುಕೊಳ್ಳುವುದು, ಪ್ರಾಣಿಜನ್ಯವಾದ ಎಲ್ಲವನ್ನೂ ಬಿಟ್ಟು ವೀಗನ್ ಆಗುವುದು. ಹುಡುಗಿಗೆ ನಾಲ್ಕನೆಯದೇ ಬೇಕಿತ್ತು. ಹಾಲಿನ ಹಿಂದೆಯೂ ಕರುವಿನ ಸಂಕಟವಿದೆ ಎಂಬ ಅವಳ ವಾದದಲ್ಲಿ ತರ್ಕದ ತಪ್ಪೇನೂ ಇಲ್ಲ. ಆದರೆ ಒಂದೊಂದು ದಾರಿಯಲ್ಲೂ ತುಂಬಬೇಕಾದ ಖಾಲಿ ಜಾಗಗಳ ಸಂಖ್ಯೆ ಬೇರೆ. ಮೂರನೆಯದರಲ್ಲಿ ಮುಖ್ಯವಾಗಿ ಕಬ್ಬಿಣ, ಸತು, ಒಮೆಗಾ-3 ನೋಡಿಕೊಂಡರೆ ಸಾಕು. ನಾಲ್ಕನೆಯದಕ್ಕೆ ಬಿ12, ಕ್ಯಾಲ್ಸಿಯಂ, ಅಯೋಡಿನ್ ಕೂಡ ಸೇರುತ್ತವೆ, ಬಿ12 ಮಾತ್ರೆ ಕಡ್ಡಾಯ. ಫೆರಿಟಿನ್ 11 ಇರುವಾಗ, ಅಡುಗೆಮನೆ ಇನ್ನೂ ಒಗ್ಗದಿರುವಾಗ, ಒಮ್ಮೆಗೇ ಆರೇಳು ಜಾಗ ತುಂಬಲು ಹೊರಟರೆ ಎರಡು ಮೂರಾದರೂ ಖಾಲಿ ಉಳಿಯುತ್ತವೆ.

ಚೆನ್ನಾಗಿ ಯೋಜಿಸಿದ ಸಸ್ಯಾಹಾರ ಹದಿಹರೆಯಕ್ಕೂ ಸರಿಹೊಂದುತ್ತದೆ ಎಂದು ಅಮೆರಿಕದ ಆಹಾರತಜ್ಞರ ಸಂಘಟನೆ 2016ರಲ್ಲಿ ಹೇಳಿತ್ತು; ಅದರಲ್ಲಿ ವೀಗನ್ ಕೂಡ ಸೇರಿತ್ತು. ಅದೇ ಸಂಘಟನೆಯ 2025ರ ಹೇಳಿಕೆ ವಯಸ್ಕರಿಗೆ ಮಾತ್ರ ಸೀಮಿತ. ಇದನ್ನು ‘ಮಕ್ಕಳಿಗೆ ಬೇಡವೆಂದರು’ ಎಂದು ಓದುವವರಿದ್ದಾರೆ. ಅದು ಸರಿಯಲ್ಲ, ಆ ಪತ್ರದ ವ್ಯಾಪ್ತಿಯೇ ಅಷ್ಟು. ಎರಡರಲ್ಲೂ ಭಾರ ಬೀಳುವುದು ‘ಚೆನ್ನಾಗಿ ಯೋಜಿಸಿದ’ ಎಂಬ ಮಾತಿನ ಮೇಲೆ.

ಕೊನೆಗೆ ಮೂರನೆಯ ದಾರಿ, 12 ವಾರದ ಗಡುವು. ವೀಗನ್ ಪ್ರಶ್ನೆಯನ್ನು ‘ಆಮೇಲೆ ನೋಡೋಣ’ ಎಂದು ತಳ್ಳದೆ, ಅವಳ 16ನೆಯ ಹುಟ್ಟುಹಬ್ಬದ ಮುಂದಿನ ವಾರಕ್ಕೆಂದು ದಿನಾಂಕ ಹಾಕಿ ಬರೆದರು. ತಾರೀಖಿಲ್ಲದ ‘ಆಮೇಲೆ’ ಈ ವಯಸ್ಸಿನವರ ಕಿವಿಗೆ ‘ಇಲ್ಲ’ ಎಂದೇ ಬೀಳುತ್ತದೆ. ಹಾಳೆಯಲ್ಲಿ ಇನ್ನೂ ಮೂರು ಸಾಲಿತ್ತು. ತೂಕ ಎರಡು ಕಿಲೋಗಿಂತ ಹೆಚ್ಚು ಇಳಿದರೆ ಗಡುವಿಗೆ ಮೊದಲೇ ವೈದ್ಯರ ಬಳಿಗೆ ಹೋಗುವುದು. ವಾರಕ್ಕೆ ಮೂರು ರಾತ್ರಿಯ ಅಡುಗೆಯಲ್ಲಿ ಕಾಳಿನ ಭಾಗ ಅವಳದು. ಮನೆಯಲ್ಲಿ ಯಾರೂ ಯಾರ ತಟ್ಟೆಯ ಬಗ್ಗೆಯೂ ಉಣ್ಣುವ ಹೊತ್ತಿನಲ್ಲಿ ಟೀಕೆ ಮಾಡುವಂತಿಲ್ಲ. ಇದು ಅವಳಿಗೂ ಅನ್ವಯ.

ತಟ್ಟೆಯ ಲೆಕ್ಕ

ಎಲ್ಲರೂ ಮೊದಲು ಕೇಳುವುದು ಪ್ರೋಟೀನು. ಅದು ಇಲ್ಲಿ ದೊಡ್ಡ ಸಮಸ್ಯೆಯೇ ಅಲ್ಲ. ಈ ವಯಸ್ಸಿಗೆ ಕಿಲೋ ತೂಕಕ್ಕೆ 0.85 ಗ್ರಾಂ, ಅಂದರೆ ದಿನಕ್ಕೆ 44 ಗ್ರಾಂ. ಓಟಗಾತಿಯಾದ್ದರಿಂದ 65ರ ಹತ್ತಿರ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 60 ಗ್ರಾಂ ಓಟ್ಸ್, 250 ಮಿಲಿಲೀಟರ್ ಹಾಲು, ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿ: 19 ಗ್ರಾಂ. ಮಧ್ಯಾಹ್ನ 250 ಗ್ರಾಂ ಅನ್ನ, ಬೆಂದ ಕಡಲೆಕಾಳು 150 ಗ್ರಾಂ, ಸೊಪ್ಪಿನ ಪಲ್ಯ: 22 ಗ್ರಾಂ. ಅಭ್ಯಾಸ ಮುಗಿದ ಮೇಲೆ ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಬೀಜ: 7 ಗ್ರಾಂ. ರಾತ್ರಿ ಗೋಧಿ ಹಿಟ್ಟಿನ ಮೂರು ರೊಟ್ಟಿ, ಬೆಂದ ಬೇಳೆ 150 ಗ್ರಾಂ, ಒಂದು ಬಟ್ಟಲು ಮೊಸರು: 32 ಗ್ರಾಂ. ಒಟ್ಟು 80. ಕಾಳು ಮತ್ತು ಧಾನ್ಯವನ್ನು ಒಂದೇ ತುತ್ತಿನಲ್ಲಿ ಬೆರೆಸಬೇಕೆಂಬ ಹಳೆಯ ಸಲಹೆಗೆ ಈಗ ಬೆಲೆಯಿಲ್ಲ. ದಿನದೊಳಗೆ ಎರಡೂ ಬಂದರೆ ಸಾಕು.

ಗಟ್ಟಿ ಪ್ರಶ್ನೆ ಕಬ್ಬಿಣದ್ದು. ಮೇಲಿನ ಊಟದಲ್ಲಿ ಸುಮಾರು 20 ಮಿಲಿಗ್ರಾಂ ಕಬ್ಬಿಣವಿದೆ. 14ರಿಂದ 18ರ ಹುಡುಗಿಯರಿಗೆ ಅಮೆರಿಕದ ಪಟ್ಟಿ ಹೇಳುವುದು 15. ಸಸ್ಯಾಹಾರಿಗಳಾದರೆ ಅದನ್ನು 1.8ರಿಂದ ಗುಣಿಸಿ 27 ಎನ್ನುತ್ತದೆ. ಮಿಶ್ರ ಊಟದ ಕಬ್ಬಿಣದಲ್ಲಿ 18 ಪ್ರತಿಶತ ಹೀರಿಕೆಯಾದರೆ ಸಸ್ಯಾಹಾರದಲ್ಲಿ 10 ಪ್ರತಿಶತ ಎಂಬ ಲೆಕ್ಕದ ಮೇಲೆ ಬಂದ ಗುಣಕ ಅದು. ಎರಡೂ ಕಡೆ ದೇಹಕ್ಕೆ ಸೇರುವುದು 2.7 ಮಿಲಿಗ್ರಾಂ. ಹಾಗಾದರೆ 20ನ್ನು 27ಕ್ಕೆ ಏರಿಸಲು ಹೆಣಗುವುದಕ್ಕಿಂತ 10 ಪ್ರತಿಶತವನ್ನು ಮೇಲೆತ್ತುವುದು ಸುಲಭ. ಇದಕ್ಕೆ ಹೊಸ ಪದಾರ್ಥ ಏನೂ ಬೇಡ, ಊಟದ ಹೊತ್ತು ಮತ್ತು ಜೋಡಿ ಬದಲಾಯಿಸಿದರೆ ಆಯಿತು.

ಈ ಮನೆಯಲ್ಲಿ ಮಾಡಿದ್ದು ಇಷ್ಟು. ಕಾಳಿನ ಜೊತೆಗೆ ಪ್ರತಿ ಸಲವೂ ಸಿ ವಿಟಮಿನ್ ಇರುವ ಏನಾದರೊಂದು: ಹಸಿ ದಪ್ಪಮೆಣಸಿನಕಾಯಿ, ಕಿತ್ತಳೆ, ಸೀಬೆ. ನಿಂಬೆಹಣ್ಣು ಹಿಂಡಿದರೆ ಸಾಕೆಂದು ಬಹಳ ಮಂದಿ ನಂಬುತ್ತಾರೆ, ಆದರೆ ಒಂದು ದೊಡ್ಡ ಚಮಚ ನಿಂಬೆರಸದಲ್ಲಿ ಇರುವುದು ಆರೇಳು ಮಿಲಿಗ್ರಾಂ ಮಾತ್ರ, ಒಂದು ಕಿತ್ತಳೆಯಲ್ಲಿ 70ರ ಹತ್ತಿರ. ಊಟದ ಜೊತೆಯ ಚಹಾ ನಿಂತಿತು. ಊಟಕ್ಕೂ ಚಹಾಕ್ಕೂ ಮಧ್ಯೆ ಒಂದು ಗಂಟೆ. ಮೊಸರಿನ ಬಟ್ಟಲು ಬೇಳೆಯ ಊಟದಿಂದ ಬೇರೆಯಾಗಿ ಮಲಗುವ ಮುಂಚಿನ ಹೊತ್ತಿಗೆ ಹೋಯಿತು, ಕ್ಯಾಲ್ಸಿಯಂ ಹೆಚ್ಚಿದ್ದರೆ ಕಬ್ಬಿಣದ ಹೀರಿಕೆ ಕುಗ್ಗುತ್ತದೆ. ಕಬ್ಬಿಣದ ಮಾತ್ರೆಯನ್ನು ಅವಳು ಮೊದಲ ವಾರವಿಡೀ ಹಾಲಿನ ಜೊತೆ ನುಂಗಿದ್ದಳು, ‘ಕಹಿ ಗೊತ್ತಾಗಬಾರದು’ ಎಂದು. ಅದನ್ನು ನೀರಿಗೆ ಬದಲಾಯಿಸಲಾಯಿತು. ಕಾಳನ್ನು 8ರಿಂದ 12 ಗಂಟೆ ನೆನೆಸಿ, ನೆನೆಸಿದ ನೀರು ಚೆಲ್ಲಿ, ಸಾಧ್ಯವಾದಾಗ ಒಂದು ದಿನ ಮೊಳಕೆ ಬರಿಸಿದರೆ ಕಬ್ಬಿಣವನ್ನೂ ಸತುವನ್ನೂ ಕಟ್ಟಿಹಾಕುವ ಫೈಟೇಟ್ ಇಳಿಯುತ್ತದೆ. ಪಾಲಕ್ ಸೊಪ್ಪಿನ ಮೇಲೆ ಅಜ್ಜಿಗೆ ಅಪಾರ ಭರವಸೆ. ಸೊಪ್ಪಿನಲ್ಲಿ ಕಬ್ಬಿಣ ಇರುವುದು ನಿಜ, ಮೈಗೆ ಹತ್ತುವುದು ಅಷ್ಟಕ್ಕಷ್ಟೇ. ತಿನ್ನಲಿ, ಲೆಕ್ಕಕ್ಕೆ ಹಿಡಿಯುವುದು ಬೇಡ.

ಸತುವಿಗೆ ಕುಂಬಳ ಬೀಜ, ಕಡಲೆಕಾಳು, ಹಾಲು. ಒಮೆಗಾ-3ಗೆ ಬೆಳಗಿನ ಒಂದು ಚಮಚ ಅಗಸೆ. ಇಡಿಯಾಗಿ ನುಂಗಿದರೆ ಹಾಗೇ ಹೊರಹೋಗುತ್ತದೆ, ಪುಡಿ ಮಾಡಲೇಬೇಕು. ಉಪ್ಪು ಅಯೋಡಿನ್ ಸೇರಿಸಿದ್ದೇ ಎಂದು ಪೊಟ್ಟಣ ತಿರುಗಿಸಿ ನೋಡಿದರು, ಮುಗಿಯಿತು.

ಬಿ12 ಬಗ್ಗೆ ಒಂದು ಮಾತು ಹೆಚ್ಚೇ ಬೇಕು. ಪರೀಕ್ಷೆಯಲ್ಲಿ ಸಹಜ ಬಂದದ್ದರಿಂದ ಮನೆಯವರು ಅದನ್ನು ಪಟ್ಟಿಯಿಂದ ಹೊಡೆದುಹಾಕಿದ್ದರು. ಇಷ್ಟು ವರ್ಷ ಮಾಂಸ ತಿಂದ ದೇಹದ ಯಕೃತ್ತಿನಲ್ಲಿ ದಾಸ್ತಾನು ಇರುತ್ತದೆ, ಆರು ವಾರದಲ್ಲಿ ಅದು ಕರಗುವುದಿಲ್ಲ. ಈಗಿನ ಸಹಜ ಅಂಕಿ ಹಿಂದಿನ ಊಟದ ಕೊಡುಗೆ, ಇಂದಿನ ತಟ್ಟೆಗೆ ಕೊಟ್ಟ ಪ್ರಮಾಣಪತ್ರವಲ್ಲ. ದಿನಕ್ಕೆ ಬೇಕಾದದ್ದು 2.4 ಮೈಕ್ರೋಗ್ರಾಂ. ಒಂದು ಲೋಟ ಹಾಲಿನಲ್ಲಿ ಸುಮಾರು 1.1, ಮೊಸರಿನ ಬಟ್ಟಲಲ್ಲಿ ಅದಕ್ಕಿಂತ ಕಡಿಮೆ, ಮೊಟ್ಟೆಯಲ್ಲಿ ಅರ್ಧ, ಅದೂ ಪೂರ್ತಿ ಹೀರಿಕೆಯಾಗುವುದಿಲ್ಲ. ಸ್ಪೈರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಇರುವುದು ಬಹುಪಾಲು ದೇಹಕ್ಕೆ ಬಾರದ ಹುಸಿ ಬಿ12. ಡಬ್ಬದ ಮೇಲಿನ ಅಂಕಿ ನಂಬಿ ಕೆಟ್ಟವರಿದ್ದಾರೆ.

ಕ್ಯಾಲ್ಸಿಯಂ ಕೂಡ ಮೊದಲ ಲೆಕ್ಕದಲ್ಲಿ ಸೋತಿತ್ತು. ಈ ವಯಸ್ಸಿಗೆ ಯುರೋಪಿನ ಪಟ್ಟಿ 1150, ಅಮೆರಿಕದ್ದು 1300 ಮಿಲಿಗ್ರಾಂ ಕೇಳುತ್ತದೆ. ಮೇಲಿನ ಊಟದಲ್ಲಿ 900 ದಾಟುವುದು ಕಷ್ಟ. ಅಭ್ಯಾಸ ಮುಗಿದ ಮೇಲೆ ಇನ್ನೊಂದು ಲೋಟ ಹಾಲು, ಪಲ್ಯದ ಮೇಲೆ ಒಂದು ಚಮಚ ಸಿಪ್ಪೆ ಸಹಿತದ ಎಳ್ಳಿನ ಪುಡಿ ಸೇರಿಸಿದ ಮೇಲೆ ಸರಿಹೋಯಿತು.

ಹನ್ನೆರಡು ವಾರದಲ್ಲಿ ಕೈಕೊಟ್ಟದ್ದು

ಮೊದಲ ಹತ್ತು ದಿನ ಹೊಟ್ಟೆ ಉಬ್ಬರ. ಸೊನ್ನೆಯಿಂದ ದಿನಕ್ಕೆ 300 ಗ್ರಾಂ ಬೆಂದ ಕಾಳಿಗೆ ಒಮ್ಮೆಗೇ ಹಾರಿದರೆ ಯಾರ ಕರುಳೂ ಸುಮ್ಮನಿರುವುದಿಲ್ಲ. ಓಟದ ಮುಂಚಿನ ಊಟದಲ್ಲಿ ಕಾಳು ತೆಗೆದು ತೊಗರಿ ಅಥವಾ ಹೆಸರುಬೇಳೆಯಂಥ ಸಿಪ್ಪೆ ಇಲ್ಲದ ಬೇಳೆ ಇಟ್ಟರು, ಕಾಳನ್ನು 50 ಗ್ರಾಮಿನಿಂದ ಶುರುಮಾಡಿ ಮೂರು ವಾರದಲ್ಲಿ ಏರಿಸಿದರು.

ಅವಳ ಅಡುಗೆಯ ಮೊದಲ ರಾತ್ರಿ ಅಪಾಯವೊಂದು ಸ್ವಲ್ಪದರಲ್ಲಿ ತಪ್ಪಿತು. ಕೆಂಪು ರಾಜ್ಮಾ ಕಾಳನ್ನು ಒಂದು ಗಂಟೆ ನೆನೆಸಿ, ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗೆ ಹಾಕಿದ್ದಳು. ಈ ಕಾಳಿನಲ್ಲಿರುವ ಲೆಕ್ಟಿನ್ ಎಂಬ ನಂಜು ಪೂರ್ತಿ ಕುದಿಯದಿದ್ದರೆ ಸಾಯುವುದಿಲ್ಲ. ಅರೆಬೆಂದ ಕಾಳು ಹಸಿಕಾಳಿಗಿಂತಲೂ ಹೆಚ್ಚು ವಾಂತಿ ಭೇದಿ ತರಿಸುತ್ತದೆ. ಕನಿಷ್ಠ ಐದು ಗಂಟೆ ನೆನೆಸಬೇಕು, ನೀರು ಚೆಲ್ಲಬೇಕು, ಹೊಸ ನೀರಿನಲ್ಲಿ ಕೊತಕೊತ ಅರ್ಧ ಗಂಟೆ ಕುದಿಸಬೇಕು. ಕುಕ್ಕರಿನಲ್ಲಿ ಕೂಗಿಸಿದರೆ ಚಿಂತೆಯಿಲ್ಲ. ಅಮ್ಮ ಬಂದು ಪಾತ್ರೆ ಮುಟ್ಟಿ ನೋಡಿ ಎಲ್ಲವನ್ನೂ ಕುಕ್ಕರಿಗೆ ಸುರಿದರು.

ನಾಲ್ಕನೆಯ ವಾರ ತೂಕ 51ಕ್ಕೆ ಇಳಿದಿತ್ತು. ಮನೆಯ ಊಟ ಸರಿಯಿತ್ತು, ಕೊರತೆ ಹೊರಗಿನದು. ಶಾಲೆಯಲ್ಲೂ ಗೆಳತಿಯರ ಮನೆಯಲ್ಲೂ ಮಾಂಸವಿಲ್ಲದ್ದು ಎಂದರೆ ಅವಳಿಗೆ ಸಿಗುತ್ತಿದ್ದದ್ದು ಚಿಪ್ಸ್, ಬ್ರೆಡ್ಡು, ಇನ್‌ಸ್ಟಂಟ್ ನೂಡಲ್ಸ್. ಚಿಪ್ಸೂ ಸಸ್ಯಾಹಾರವೇ, ಅದೇ ತೊಂದರೆ. ಚೀಲದಲ್ಲಿ ಹುರಿದ ಕಡಲೆ, ಕಡಲೆಬೀಜ, ಕುಂಬಳ ಬೀಜ ಬೆರೆಸಿದ ಚಿಕ್ಕ ಡಬ್ಬ ಕಾಯಂ ಆಯಿತು. ಹೊರಗಿನ ತಿಂಡಿಯಲ್ಲಿ ಅಡಗಿದ್ದನ್ನು ಓದಲು ಅವಳೇ ಕಲಿತಳು: ಮೆತ್ತನೆಯ ಮಿಠಾಯಿಗಳಲ್ಲಿ ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್, ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಸೂಪಿನ ಕ್ಯೂಬುಗಳಲ್ಲಿ ಕೋಳಿ, ಕೆಂಪು ಬಣ್ಣಕ್ಕೆ ಕೀಟದಿಂದ ಬರುವ ಇ120. ಔಷಧದ ಕ್ಯಾಪ್ಸೂಲಿನ ಹೊದಿಕೆಯೂ ಹೆಚ್ಚಾಗಿ ಜೆಲಟಿನ್ನೇ. ಔಷಧದ ವಿಷಯದಲ್ಲಿ ತಾನೇ ನಿಲ್ಲಿಸದೆ ಮೊದಲು ಕೇಳುತ್ತೇನೆಂದು ಒಪ್ಪಿದಳು.

ಎಲ್ಲಕ್ಕಿಂತ ದೊಡ್ಡ ಬಿರುಕು ಬಿಟ್ಟದ್ದು ಆರನೆಯ ವಾರ, ಒಂದು ಸೌಟಿನಿಂದ. ಬೇಳೆಯ ರುಚಿ ಬೇರೆಯಾಗಿದೆ ಎನಿಸಿ ಕೇಳಿದಾಗ ಅಜ್ಜಿ ಮುಚ್ಚಿಡಲಿಲ್ಲ: ‘ಮಗು ಬಡಕಲಾಗ್ತಿದೆ, ಎರಡು ಸೌಟು ಮೂಳೆ ಸಾರು ಹಾಕ್ದೆ, ಅದಕ್ಕೇನೀಗ?’ ಹುಡುಗಿ ತಟ್ಟೆ ಬಿಟ್ಟು ಎದ್ದುಹೋದಳು. ಎರಡು ದಿನ ಮನೆಯಲ್ಲಿ ಬೇಯಿಸಿದ ಯಾವುದನ್ನೂ ಮುಟ್ಟಲಿಲ್ಲ, ಬ್ರೆಡ್ಡು ಹಾಲಿನಲ್ಲೇ ಕಳೆದಳು. ಪೋಷಣೆಯ ದೃಷ್ಟಿಯಿಂದ ನೋಡಿದರೂ ಅಜ್ಜಿಯ ಲೆಕ್ಕ ತಪ್ಪಿತ್ತು. ಎರಡು ಸೌಟು ಮೂಳೆ ಸಾರಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ತೆತ್ತದ್ದು ಎರಡು ದಿನದ ಊಟ, ಮತ್ತು ಮನೆಯ ಬೇಳೆಯ ಮೇಲಿನ ನಂಬಿಕೆ. ಪ್ರೀತಿಯಿಂದ ಮಾಡಿದ ಮೋಸಕ್ಕೂ ಇದೇ ಫಲ. ಆದರೆ ಅಜ್ಜಿಯನ್ನು ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸುವುದೂ ದಾರಿಯಲ್ಲ. ಅಮ್ಮ ಮಧ್ಯೆ ಬಂದು ಮಾಡಿದ್ದು ಇಷ್ಟು: ಹಸಿರು ಹಿಡಿಯ ಒಂದು ಸೌಟು, ಒಂದು ಚಿಕ್ಕ ಕುಕ್ಕರ್ ಬೇರೆಯಿಟ್ಟು, ಅದರಲ್ಲಿ ಬೇಯುವುದಕ್ಕೆ ಅಜ್ಜಿಯನ್ನೇ ಹೊಣೆ ಮಾಡಿದರು. ಮೊಮ್ಮಗಳನ್ನು ದಪ್ಪ ಮಾಡುವ ಆಸೆಗೆ ತುಪ್ಪ, ಕಡಲೆಬೀಜ, ಎಳ್ಳು ಕೊಟ್ಟರು. ಅಜ್ಜಿ ಆಸೆಯನ್ನು ಧಾರಾಳವಾಗಿಯೇ ತೀರಿಸಿಕೊಂಡರು.

ಬೇರೆ ಅಡುಗೆಮನೆಯೇ ಬೇಕೆಂದು ಹುಡುಗಿ ಕೇಳಿದ್ದರೆ? ಕೇಳಲಿಲ್ಲ, ಆದರೆ ಕೇಳುವವರಿದ್ದಾರೆ. ಒಂದೇ ಒಲೆ, ತೊಳೆದ ಪಾತ್ರೆ, ಬೇರೆ ಸೌಟು, ಇಷ್ಟಕ್ಕೆ ನಿಲ್ಲಿಸುವುದು ಎರಡೂ ಕಡೆಯವರಿಗೆ ಸಾಧ್ಯವಾಗುವ ಗೆರೆ. ಅಡುಗೆ ಮಾಡುವವರ ಕೆಲಸ ಎರಡರಷ್ಟಾದರೆ ಯಾವ ಒಪ್ಪಂದವೂ ಹನ್ನೆರಡು ವಾರ ಬಾಳುವುದಿಲ್ಲ. ಎಲ್ಲರಿಗೂ ಒಂದೇ ಮೂಲ ಅಡುಗೆ, ಕಾಳು, ತರಕಾರಿ, ಧಾನ್ಯ. ಮಾಂಸವನ್ನು ಬೇರೆ ಬಾಣಲೆಯಲ್ಲಿ ಮಾಡಿ ಬೇಕಾದವರು ಕೊನೆಗೆ ಸೇರಿಸಿಕೊಳ್ಳುವುದು. ಹೀಗೆ ತಿರುಗಿಸಿದ ಮೇಲೆ ಅಮ್ಮನಿಗೆ ಹೆಚ್ಚಿದ ಕೆಲಸ ಒಂದು ಬಾಣಲೆಯಷ್ಟು.

ಎಂಟನೆಯ ವಾರ ಅವಳು ಮೊಟ್ಟೆಯನ್ನೂ ಬಿಟ್ಟಳು. ಈ ಸಲ ಮುಚ್ಚಿಡದೆ ಬಂದು ಹೇಳಿದಳು. ವಾರಕ್ಕೆ ನಾಲ್ಕು ಮೊಟ್ಟೆ ಹೋದದ್ದರಿಂದ ಪ್ರೋಟೀನಿಗೆ ಏನೂ ಆಗಲಿಲ್ಲ, ಬಿ12ರಲ್ಲಿ ಮಾತ್ರ ಎಳೆ ಸಡಿಲವಾಯಿತು. ಹಾಲು ಎರಡು ಲೋಟವಿದ್ದರೂ ಪರೀಕ್ಷೆ, ಪ್ರವಾಸದ ದಿನಗಳಲ್ಲಿ ಒಂದಕ್ಕಿಳಿಯುತ್ತಿತ್ತು. ವೈದ್ಯರನ್ನು ಕೇಳಿ ದಿನಕ್ಕೆ 10 ಮೈಕ್ರೋಗ್ರಾಮಿನ ಬಿ12 ಮಾತ್ರೆ ಸೇರಿಸಿದರು.

ಗಡುವಿನ ದಿನ

ಹನ್ನೆರಡನೆಯ ವಾರ: ಹಿಮೋಗ್ಲೋಬಿನ್ 12.8, ಫೆರಿಟಿನ್ 27, ತೂಕ 52.6. ಮುಟ್ಟು ತಪ್ಪಿರಲಿಲ್ಲ. ಫೆರಿಟಿನ್ ಏರಿದ್ದು ಬಹುಪಾಲು ಮಾತ್ರೆಯಿಂದ. ತಟ್ಟೆಗೆ ಆ ಕೀರ್ತಿ ಕೊಡುವಂತಿಲ್ಲ. ತಟ್ಟೆಯ ಯೋಗ್ಯತೆ ಗೊತ್ತಾಗುವುದು ಮಾತ್ರೆ ನಿಂತು ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಅಳೆದಾಗ. ಅಪ್ಪ ಇದನ್ನು ಗಟ್ಟಿಯಾಗಿ ಹಿಡಿದುಕೊಂಡರು, ಹಿಡಿಯಬೇಕಾದದ್ದೇ. ಆ ಪರೀಕ್ಷೆಯಲ್ಲಿ 15ಕ್ಕಿಂತ ಕೆಳಗಿಳಿದರೆ ಏನು ಎಂಬುದನ್ನೂ ಈಗಲೇ ಬರೆದಿಟ್ಟರು: ಮೊದಲು ಮುಟ್ಟಿನ ಸ್ರಾವದ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕಾಣುವುದು, ಅಭ್ಯಾಸದ ದಿನಗಳನ್ನು ನೋಡುವುದು, ಆಮೇಲೆ ತಟ್ಟೆಯ ಮಾತು. ಮೊದಲಿನಂತೆ ಮಾಂಸಕ್ಕೆ ನೇರ ಜಿಗಿತವಿಲ್ಲ.

ಮುಂದುವರಿಸುವುದು ಎಂದು ತೀರ್ಮಾನವಾಯಿತು. ಅಡುಗೆ ಮೂರು ರಾತ್ರಿಯಿಂದ ಎರಡಕ್ಕಿಳಿಯಿತು, ಪರೀಕ್ಷೆ ಹತ್ತಿರ ಬಂದಿತ್ತು. ಅಪ್ಪ ಇನ್ನೂ ಒಪ್ಪಿಲ್ಲ, ಉಣ್ಣುವ ಹೊತ್ತಿನಲ್ಲಿ ಮಾತ್ರ ಮಾತೆತ್ತುವುದಿಲ್ಲ. ತಮ್ಮ ತನಗೂ ಹಸಿರು ಸೌಟಿನದೇ ಬೇಕೆಂದು ಹಟ ಹಿಡಿದಿದ್ದಾನೆ. ಒಂಬತ್ತರ ದೇಹಕ್ಕೆ ಹದಿನೈದರ ಲೆಕ್ಕ ಹೊಂದುವುದಿಲ್ಲ, ಅವನಿಗೆ ಬೇರೆ ಹಾಳೆ ಬೇಕು. ಸದ್ಯಕ್ಕೆ ಆ ಕುಕ್ಕರಿನಿಂದ ಅವನಿಗೂ ಎರಡು ಸೌಟು ಬೀಳುತ್ತದೆ, ಪಕ್ಕದಲ್ಲಿ ಮೀನಿನ ತುಂಡೂ ಇರುತ್ತದೆ. ಹಾಲಿನ ಪ್ರಶ್ನೆ ಬರೆದ ಹಾಳೆ ಫ್ರಿಜ್ಜಿನ ಬಾಗಿಲ ಮೇಲಿದೆ, ತಾರೀಖಿನ ಸುತ್ತ ಕೆಂಪು ಪೆನ್ನಿನ ಗುಂಡು ಹಾಕಿದೆ.